ಗಡಿ ತಾಲ್ಲೂಕಿನ ಕೂಸುಗಳ ಸಾವು ಯಾರ ಲೆಕ್ಕಕ್ಕೆ?

ಸಂಪಾದಕರಿಗೆ,

ಮಾನ್ಯರೇ,

ರಾಜ್ಯದಲ್ಲಿ ಶಿಶುಮರಣ ಇಳಿಮುಖವಾಗಿದೆ ಎಂಬ ವರದಿಗಳನ್ನು ಓದಿದಾಗ, ಆಯುಷ್ಯದ ಬಹುಪಾಲನ್ನು ಆರೋಗ್ಯ ಇಲಾಖೆಯಲ್ಲಿ ಕಳೆದ ನನ್ನಂಥವಳಿಗೆ ಸಂತೋಷವಾಗುವುದು ಸಹಜ. ದೇಶದ ಜನನ ಮರಣ ಪ್ರಮಾಣವನ್ನು ಅಂದಾಜಿಸುವ ಮಾದರಿ ನೋಂದಣಿ ವ್ಯವಸ್ಥೆಯ 2020ರ ಅಂಕಿ ಅಂಶದಂತೆ, ಜೀವಂತವಾಗಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ ವರ್ಷ ತುಂಬುವ ಮೊದಲೇ ತೀರಿಕೊಂಡವರು ದೇಶದಲ್ಲಿ 28, ಕರ್ನಾಟಕದಲ್ಲಿ 19, ಕೇರಳದಲ್ಲಿ 6. ಕೇರಳಕ್ಕೆ ಸಾಧ್ಯವಾದದ್ದು ನಮಗೂ ಸಾಧ್ಯವಾಗಿದ್ದರೆ, ನಮ್ಮಲ್ಲಿ ಸತ್ತ ಮೂರು ಕೂಸುಗಳಲ್ಲಿ ಎರಡು ಇಂದು ಬದುಕಿರುತ್ತಿದ್ದವು. ಆದರೂ ನಾನು ಈ ಪತ್ರ ಬರೆಯುತ್ತಿರುವುದು ರಾಜ್ಯದ ಸರಾಸರಿಯನ್ನು ಕುರಿತಲ್ಲ. ಚಿತ್ರದುರ್ಗ ಜಿಲ್ಲೆಯ ಮೂಡಣ ಅಂಚಿನಲ್ಲಿ ಆಂಧ್ರಕ್ಕೆ ತಾಗಿಕೊಂಡಿರುವ ಮೊಳಕಾಲ್ಮೂರು, ಚಳ್ಳಕೆರೆ ಮತ್ತು ಹಿರಿಯೂರು ತಾಲ್ಲೂಕುಗಳ ಗಡಿ ಹಳ್ಳಿಗಳಲ್ಲಿ ಹುಟ್ಟಿ ತೀರಿಕೊಳ್ಳುವ ಕೂಸುಗಳನ್ನು ಯಾರ ಲೆಕ್ಕಕ್ಕೆ ಹಿಡಿಯಲಾಗುತ್ತಿದೆ ಎಂಬುದನ್ನು ಜಿಲ್ಲಾಡಳಿತದ ಮತ್ತು ನಿಮ್ಮ ಓದುಗರ ಗಮನಕ್ಕೆ ತರುವುದು ನನ್ನ ಉದ್ದೇಶ.

1969ರ ಜನನ ಮತ್ತು ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ಅದು ನೋಂದಣಿಯಾಗಬೇಕು. ಕಾನೂನಿನ ದೃಷ್ಟಿಯಿಂದ ಇದು ಸರಿಯಾದ ಕ್ರಮವೇ. ಆದರೆ ಮೊಳಕಾಲ್ಮೂರಿನ ದೇವಸಮುದ್ರ ಹೋಬಳಿಯ ಒಂದು ಹಳ್ಳಿಯ ಕೂಸು ತಾಲ್ಲೂಕು ಕೇಂದ್ರದಲ್ಲಿ ಹುಟ್ಟಿ, ಉಸಿರಾಟ ಸರಿಯಿಲ್ಲವೆಂದು ಬಳ್ಳಾರಿಗೆ ಸಾಗಿಸಲ್ಪಟ್ಟು, ಅಲ್ಲಿ ಮೂರನೇ ದಿನ ತೀರಿಕೊಂಡರೆ ಆ ಸಾವು ಬಳ್ಳಾರಿಯ ಪುಸ್ತಕ ಸೇರುತ್ತದೆ. ಚಳ್ಳಕೆರೆಯ ಕೂಸು ದಾವಣಗೆರೆಯಲ್ಲಿ ತೀರಿಕೊಂಡರೆ ದಾವಣಗೆರೆಯ ಪುಸ್ತಕ, ಪರಶುರಾಂಪುರದ ಕಡೆಯ ಕೂಸು ಅನಂತಪುರದಲ್ಲಿ ತೀರಿಕೊಂಡರೆ ಬೇರೆ ರಾಜ್ಯದ ಪುಸ್ತಕ. ಇಲಾಖೆಯ ಮಾಸಿಕ ವರದಿಗಳೂ ಆಸ್ಪತ್ರೆವಾರು ತಯಾರಾಗುವುದರಿಂದ, ಕೂಸನ್ನು ಉಸಿರಿರುವಾಗಲೇ ಮುಂದಕ್ಕೆ ಕಳುಹಿಸಿದ ಆಸ್ಪತ್ರೆಯ ವರದಿಯಲ್ಲಿ ಒಂದು ಜೀವಂತ ಜನನ ಕಾಣುತ್ತದೆ, ಸಾವು ಕಾಣುವುದಿಲ್ಲ. ಮಾದರಿ ನೋಂದಣಿ ವ್ಯವಸ್ಥೆಯು ಶಿಶುಮರಣ ಪ್ರಮಾಣವನ್ನು ರಾಜ್ಯಮಟ್ಟಕ್ಕೆ ಮಾತ್ರ ಕೊಡುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾವಾರು ವರದಿಗಳಲ್ಲಿ ನೂರಕ್ಕೂ ಹೆಚ್ಚು ಅಂಕಿಗಳಿದ್ದರೂ ಶಿಶುಮರಣದ ಅಂಕಿ ಇರುವುದಿಲ್ಲ. ಹೀಗಾಗಿ ಮೊಳಕಾಲ್ಮೂರು ತಾಲ್ಲೂಕಿನ ತಾಯಂದಿರು ಒಂದು ವರ್ಷದಲ್ಲಿ ಎಷ್ಟು ಕೂಸುಗಳನ್ನು ಕಳೆದುಕೊಂಡರು ಎಂದು ಕೇಳಿದರೆ, ನಂಬಿ ಹೇಳಬಹುದಾದ ಒಂದು ಸಂಖ್ಯೆ ಜನರ ಮುಂದೆ ಇಲ್ಲ. ದೊಡ್ಡಾಸ್ಪತ್ರೆಗಳಿರುವ ನಗರಗಳು ತಮ್ಮದಲ್ಲದ ಸಾವುಗಳ ಕೆಟ್ಟ ಹೆಸರು ಹೊರುತ್ತವೆ, ಕೊರತೆಯಿರುವ ತಾಲ್ಲೂಕು ಕಾಗದದ ಮೇಲೆ ಕ್ಷೇಮವಾಗಿ ಕಾಣುತ್ತದೆ. ಕ್ಷೇಮವಾಗಿ ಕಾಣುವ ತಾಲ್ಲೂಕಿಗೆ ಯಾವ ಸರ್ಕಾರವೂ ಹೆಚ್ಚಿನ ವೈದ್ಯರನ್ನು ಕೊಡುವುದಿಲ್ಲ.

ಈ ಕೂಸುಗಳು ಯಾಕೆ ಸಾಯುತ್ತವೆ ಎಂಬುದು ನಿಗೂಢವೇನಲ್ಲ. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಮನೆ ಹೆರಿಗೆಯಿಂದ ಕೂಸು ಸಾಯುತ್ತಿದೆ ಎಂಬ ಹಳೆಯ ಮಾತು ಇನ್ನು ನಡೆಯುವುದಿಲ್ಲ. ಅದೇ ಸಮೀಕ್ಷೆಯ ಪ್ರಕಾರ ವರ್ಷದೊಳಗೆ ಸಾಯುವ ಮಕ್ಕಳ ಪೈಕಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಕ್ಕಳು ಹುಟ್ಟಿದ ಮೊದಲ 28 ದಿನಗಳಲ್ಲೇ ತೀರಿಕೊಳ್ಳುತ್ತವೆ; ಅವುಗಳಲ್ಲೂ ಹೆಚ್ಚಿನವು ಮೊದಲ ವಾರ ದಾಟುವುದಿಲ್ಲ. ದಿನ ತುಂಬುವ ಮೊದಲೇ ಹುಟ್ಟುವುದು, ತೂಕ ಸಾಲದಿರುವುದು, ಹುಟ್ಟಿದ ಕೂಡಲೇ ಅಳದೆ ಉಸಿರುಗಟ್ಟುವುದು, ನಂಜು ಮತ್ತು ನ್ಯುಮೋನಿಯ, ಹುಟ್ಟಿನಿಂದಲೇ ಬಂದ ಅಂಗದೋಷ ಇವೇ ಮುಖ್ಯ ಕಾರಣಗಳು. ಕೊನೆಯದನ್ನು ಬಿಟ್ಟರೆ ಉಳಿದವುಗಳಲ್ಲಿ ಬಹುಪಾಲು ತಡೆಯಬಹುದಾದವು. ಅದಕ್ಕೆ ಬೇಕಾದ ಸಾಮಗ್ರಿಯೂ ದುಬಾರಿಯದಲ್ಲ. ಅಳದ ಕೂಸಿನ ಬಾಯಿ ಮೂಗಿಗೆ ಅಂಬು ಬ್ಯಾಗ್ ಹಿಡಿದು ಮೊದಲ ನಿಮಿಷದಲ್ಲೇ ಉಸಿರು ಕೊಡಬಲ್ಲ ಸ್ಟಾಫ್ ನರ್ಸ್ ಒಬ್ಬರು ಬೇಕು. ಅವಧಿಗೆ ಮುನ್ನ ನೋವು ಕಾಣಿಸಿಕೊಂಡ ಬಸುರಿಗೆ ಮಗುವಿನ ಶ್ವಾಸಕೋಶ ಬಲಿಯಲೆಂದು ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಬೇಕು; ಅದರ ಬೆಲೆ ಕೆಲವೇ ರೂಪಾಯಿ, ಮುಂದಿನ ಆಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲ ಡೋಸನ್ನು ಹಳ್ಳಿಯ ಸಹಾಯಕ ನರ್ಸ್ (ಎ.ಎನ್.ಎಂ.) ಕೂಡ ಕೊಡಬಹುದೆಂದು ಕೇಂದ್ರದ ಮಾರ್ಗಸೂಚಿ 2014ರಿಂದಲೂ ಹೇಳುತ್ತಿದೆ. ಎಲ್ಲಕ್ಕಿಂತ ಹೆಚ್ಚಾಗಿ ಕೂಸಿನ ಮೈ ತಣ್ಣಗಾಗದಂತೆ ಕಾಯುವವರು ಬೇಕು.

ಮೈ ತಣ್ಣಗಾಗುವುದು ಎಂದರೇನೆಂದು ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ, ಆದ್ದರಿಂದ ಸೇವೆಯಲ್ಲಿದ್ದಾಗ ಕಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ಮಾಗಿಯ ರಾತ್ರಿ. ಎಂಟನೇ ತಿಂಗಳಿಗೆ ಹುಟ್ಟಿದ, ಒಂದೂವರೆ ಕಿಲೊ ತೂಗುತ್ತಿದ್ದ ಹೆಣ್ಣುಕೂಸನ್ನು ‘ದೊಡ್ಡಾಸ್ಪತ್ರೆಗೆ ಬರೆದುಕೊಟ್ಟಿದ್ದರು’. ತಾಯಿಗೆ ರಕ್ತಸ್ರಾವ ನಿಂತಿರಲಿಲ್ಲವಾದ್ದರಿಂದ ಆಕೆಯನ್ನು ಹಾಸಿಗೆಯಲ್ಲೇ ಬಿಟ್ಟು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಕೂಸನ್ನು ಅಜ್ಜಿಯ ತೊಡೆಯ ಮೇಲೆ ಹಾಕಿ ವಾಹನ ಹತ್ತಿಸಲಾಗಿತ್ತು. ಕಿಟಕಿಯ ಗಾಜು ಪೂರ್ತಿ ಮೇಲಕ್ಕೆ ಬರುತ್ತಿರಲಿಲ್ಲ. ದಾರಿಯುದ್ದಕ್ಕೂ ಅಂಗಾಲು ಮುಟ್ಟಿ ನೋಡುತ್ತಿದ್ದ ನನ್ನನ್ನು ಅಜ್ಜಿ, ‘ಎಂಟು ತಿಂಗಳ ಕೂಸು ಉಳಿಯಲ್ಲ ಅಂತಾರಲ್ಲ ನರ್ಸಮ್ಮ, ನಿಜಾನಾ?’ ಎಂದು ಕೇಳುತ್ತಿದ್ದರು. ಏಳು ತಿಂಗಳ ಕೂಸು ಉಳಿಯುತ್ತದೆ, ಎಂಟು ತಿಂಗಳದ್ದು ಉಳಿಯುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಗರ್ಭದಲ್ಲಿ ಹೆಚ್ಚು ದಿನ ಇದ್ದಷ್ಟೂ ಕೂಸಿಗೆ ಒಳ್ಳೆಯದು ಎಂದು ನಾನು ಹೇಳಿದ್ದನ್ನು ಅವರು ನಂಬಿದರೋ ಇಲ್ಲವೋ. ನಾವು ತಲುಪುವಷ್ಟರಲ್ಲಿ ಕೂಸಿನ ಕಾಲು ಮೊಣಕಾಲಿನವರೆಗೆ ತಣ್ಣಗಾಗಿ ತುಟಿ ನೀಲಿಗಟ್ಟಿತ್ತು. ಅಲ್ಲಿಯ ನರ್ಸ್ ಒಂದು ಕ್ಷಣವೂ ತಡಮಾಡದೆ ಮೈ ಬೆಚ್ಚಗಾಗಿಸುವ ವಾರ್ಮರ್ ಕೆಳಗೆ ಕೂಸನ್ನು ಇಟ್ಟರು. ನಮ್ಮ ಚೀಟಿಯಲ್ಲಿ ‘ತೂಕ ಕಡಿಮೆ, ಉನ್ನತ ಚಿಕಿತ್ಸೆಗೆ’ ಎಂಬುದರ ಹೊರತು ಏನೂ ಇರಲಿಲ್ಲ: ಎಷ್ಟು ಗಂಟೆಗೆ ಹುಟ್ಟಿತು, ಹುಟ್ಟಿದಾಗ ಅತ್ತಿತೇ, ಹಾಲು ಕುಡಿಯಿತೇ, ತಾಯಿಗೆ ಚುಚ್ಚುಮದ್ದು ಕೊಟ್ಟಿದ್ದರೇ, ಯಾವುದೂ ಇಲ್ಲ. ಮರುದಿನ ಸಂಜೆ ಕೂಸು ಹೋಯಿತು. ಹುಟ್ಟಿದ ಆಸ್ಪತ್ರೆಯ ಆ ತಿಂಗಳ ವರದಿಯಲ್ಲಿ ನವಜಾತ ಶಿಶು ಮರಣದ ಕಾಲಂನಲ್ಲಿ ಸೊನ್ನೆ ಇತ್ತು. ಅದನ್ನು ತುಂಬಿದವರು ಸುಳ್ಳು ಬರೆದಿರಲಿಲ್ಲ. ನಮೂನೆ ಕೇಳಿದ್ದನ್ನೇ ಬರೆದಿದ್ದರು.

ಆ ಕೂಸಿಗೆ ಉನ್ನತ ಆಸ್ಪತ್ರೆಗಿಂತ ಮೊದಲು ಬೇಕಾಗಿದ್ದದ್ದು ಹುಟ್ಟಿದಲ್ಲೇ ಕೆಲವು ಗಂಟೆಗಳ ಆರೈಕೆ. ಹೆರಿಗೆಯಾಗುವ ಪ್ರತಿಯೊಂದು ಆಸ್ಪತ್ರೆಯಲ್ಲಿ ನವಜಾತ ಶಿಶು ಆರೈಕೆ ಮೂಲೆ, ಮೊದಲ ರೆಫರಲ್ ಹಂತದ ಆಸ್ಪತ್ರೆಗಳಲ್ಲಿ ಕೂಸಿನ ಸ್ಥಿತಿಯನ್ನು ಹದಕ್ಕೆ ತರುವ ಸ್ಥಿರೀಕರಣ ಘಟಕ, ಜಿಲ್ಲಾಸ್ಪತ್ರೆಯಲ್ಲಿ ವಿಶೇಷ ನಿಗಾ ಘಟಕ ಎಂದು ಮೂರು ಮೆಟ್ಟಿಲುಗಳನ್ನು ಕೇಂದ್ರ ಸರ್ಕಾರ 2011ರಲ್ಲೇ ಗೊತ್ತುಪಡಿಸಿದೆ. ನಡುವಿನ ಮೆಟ್ಟಿಲು ದುರ್ಬಲವಾದಷ್ಟೂ ಗಡಿಯ ಕೂಸು ಹೆಚ್ಚು ದೂರ ಪ್ರಯಾಣ ಮಾಡಬೇಕಾಗುತ್ತದೆ. ತರಬೇತಿ ಪಡೆದ ನರ್ಸ್‌ಗಳನ್ನು ಬೇರೆ ವಾರ್ಡಿಗೆ, ಬೇರೆ ಊರಿಗೆ ನಿಯೋಜನೆಯ ಮೇಲೆ ಕಳುಹಿಸುವುದು ಈ ಮೆಟ್ಟಿಲು ಕುಸಿಯಲು ದೊಡ್ಡ ಕಾರಣ ಎಂಬುದು ನನ್ನ ಅನುಭವ. ಯಂತ್ರ ಇರುತ್ತದೆ, ಅದರ ಮುಂದೆ ರಾತ್ರಿ ಪಾಳಿಯಲ್ಲಿ ನಿಲ್ಲುವವರು ಇರುವುದಿಲ್ಲ. ಇದೇ ಚಳ್ಳಕೆರೆ ತಾಲ್ಲೂಕಿನ ನೆಲದಲ್ಲಿ 2023ರ ಏಪ್ರಿಲ್‌ನಲ್ಲಿ ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ತಾನಾಗಿಯೇ ಇಳಿಯುವಂತೆ ಮಾಡಿ ತೋರಿಸಿತು. ಅದು ನಮಗೆಲ್ಲ ಹೆಮ್ಮೆ ತಂದ ದಿನ. ಅಂಥ ಕೆಲಸಕ್ಕೆ ಹುಲ್ಲುಗಾವಲು ಬಿಟ್ಟುಕೊಟ್ಟ ಜನರ ಮಕ್ಕಳಿಗೆ, ರಾತ್ರಿ ಹೊತ್ತು ಒಬ್ಬ ಮಕ್ಕಳ ತಜ್ಞರು ಹತ್ತಿರದಲ್ಲೇ ಸಿಗಬೇಕು ಎಂದು ಕೇಳುವ ಹಕ್ಕು ಖಂಡಿತ ಇದೆ.

ಗಡಿಯೆಂಬುದು ಈ ಕೊರತೆಯ ಜೊತೆಗೆ ಇನ್ನೊಂದು ತೊಡಕನ್ನು ಸೇರಿಸುತ್ತದೆ. ಮೊಳಕಾಲ್ಮೂರಿನವರಿಗೆ ಜಿಲ್ಲಾ ಕೇಂದ್ರ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ, ಬಳ್ಳಾರಿಗಿಂತ ಆಂಧ್ರದ ರಾಯದುರ್ಗ ಹತ್ತಿರ. ಗಡಿ ಬೇರೆಯಾದರೂ ಸಂತೆ, ಜಾತ್ರೆ, ನೆಂಟಸ್ತಿಕೆ ಬೇರ್ಪಡಲಿಲ್ಲ. ಈ ಕಡೆಯ ಹೆಣ್ಣು ಆ ಕಡೆಗೆ, ಆ ಕಡೆಯ ಹೆಣ್ಣು ಈ ಕಡೆಗೆ ಸೊಸೆಯಾಗಿ ಬರುವುದು ಮನೆಮನೆಯ ಮಾತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ಬಿಡಲಾಗದ ಪದ್ಧತಿ. ಗಂಡನ ಊರಿನಲ್ಲಿ ಆಶಾ ಕಾರ್ಯಕರ್ತೆ ಬಸುರಿಯ ಹೆಸರು ಬರೆದು ತಾಯಿ ಕಾರ್ಡ್ ಕೊಟ್ಟಿರುತ್ತಾಳೆ, ಕಬ್ಬಿಣದ ಮಾತ್ರೆ ಕೊಟ್ಟಿರುತ್ತಾಳೆ. ಏಳನೇ ತಿಂಗಳಿಗೆ ಸೀಮಂತ ಮುಗಿಸಿಕೊಂಡು ಹುಡುಗಿ ತವರಿಗೆ ಹೋದಳೆಂದರೆ ಈ ಕಡೆಯ ಪುಸ್ತಕದಲ್ಲಿ ‘ತವರಿಗೆ ಹೋಗಿದ್ದಾರೆ’ ಎಂಬ ಷರಾ ಬೀಳುತ್ತದೆ. ಆ ಕಡೆಯ ಪುಸ್ತಕದಲ್ಲಿ ಅವಳ ಹೆಸರೇ ಇರುವುದಿಲ್ಲ. ಅತಿ ಹೆಚ್ಚು ನಿಗಾ ಬೇಕಾದ ಮೂರು ತಿಂಗಳು ಮತ್ತು ಕೂಸು ಹುಟ್ಟಿದ ಮೊದಲ ಆರು ವಾರ, ಅವಳು ಎರಡೂ ರಾಜ್ಯಗಳ ಕಣ್ಣಿನಿಂದ ಮರೆಯಾಗಿರುತ್ತಾಳೆ.

ಆಸ್ಪತ್ರೆಯಲ್ಲಿ ಹೆರಿಗೆಯಾದ ಕೂಸನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡಬೇಕೆಂಬ ನಿಯಮವಿದೆ. ತೂಕ ನೋಡುವುದು, ಮೈ ಮುಟ್ಟಿ ಬಿಸಿ ನೋಡುವುದು, ಉಸಿರು ಎಣಿಸುವುದು, ಹೊಕ್ಕುಳು ನೋಡುವುದು, ಎದೆಹಾಲು ಕುಡಿಯುತ್ತಿದೆಯೇ ಎಂದು ಕೂತು ನೋಡುವುದು ಅವಳ ಕೆಲಸ. ಈ ಪದ್ಧತಿ ಹುಟ್ಟಿದ್ದು ಮಹಾರಾಷ್ಟ್ರದ ಅಂಚಿನ ಗಡ್‌ಚಿರೋಲಿಯಲ್ಲಿ ಎಂಬುದನ್ನು ಇಲ್ಲಿ ಹೇಳಲೇಬೇಕು. ಛತ್ತೀಸಗಡಕ್ಕೆ ತಾಗಿದ ಆ ಕಾಡು ಜಿಲ್ಲೆಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ನವಜಾತ ಶಿಶುಗಳನ್ನು ಮನೆಯಲ್ಲೇ ನೋಡಿಕೊಳ್ಳುವಂತೆ ಮಾಡಿದಾಗ, ಅಂಥ ಆರೈಕೆ ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ ನವಜಾತ ಶಿಶು ಮರಣ ಶೇ 62ರಷ್ಟು ತಗ್ಗಿತೆಂದು 1999ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಹಿಂದುಳಿದ ಗಡಿ ಜಿಲ್ಲೆಯೊಂದು ಇಡೀ ದೇಶಕ್ಕೆ ಕಲಿಸಿದ ಪಾಠ ಅದು. 2011ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವೂ ಆಯಿತು. ಆದರೆ ಆರೂ ಭೇಟಿಗಳು ಮುಗಿದರೆ ಸಿಗುವ 250 ರೂಪಾಯಿ ಪ್ರೋತ್ಸಾಹಧನ ತವರಿಗೆ ಹೋದ ಬಾಣಂತಿಯ ವಿಷಯದಲ್ಲಿ ಯಾರಿಗೆ ಸೇರಬೇಕೆಂಬುದೇ ತೀರ್ಮಾನವಾಗದೆ, ಭೇಟಿಯೂ ನಡೆಯದೆ ಹೋಗುವುದನ್ನು ನಾನು ಕಂಡಿದ್ದೇನೆ. ಇದರಲ್ಲಿ ಆಶಾ ಕಾರ್ಯಕರ್ತೆಯರ ತಪ್ಪಿಲ್ಲ. ಈ ಊರಿನ ಆಶಾ ಆ ಊರಿನ ಆಶಾಗೆ ಒಂದು ಫೋನ್ ಮಾಡಿ, ‘ಇಂಥ ಮನೆಗೆ ನಮ್ಮ ಸೊಸೆ ಬಂದಿದ್ದಾಳೆ, ಮೊದಲ ಬಸುರಿ, ರಕ್ತ ಕಡಿಮೆಯಿದೆ, ನೋಡಿಕೊಳ್ಳಮ್ಮ’ ಎಂದು ಹೇಳಿದರೆ ಅರ್ಧ ಕೆಲಸವಾಗುತ್ತದೆ. ಆದರೆ ಹಾಗೆ ಹೇಳಲು ಅವಳ ಬಳಿ ಆ ಕಡೆಯ ಹೆಸರಾಗಲಿ ನಂಬರಾಗಲಿ ಇರುವುದಿಲ್ಲ. ಗಡಿಯ ಕೆಲವು ಊರುಗಳಲ್ಲಿ 108ಕ್ಕೆ ಕರೆ ಮಾಡಿದರೆ ಆಚೆಯ ಟವರ್‌ನ ಸಿಗ್ನಲ್ ಹಿಡಿದು ಆಂಧ್ರದ ಕಂಟ್ರೋಲ್ ರೂಮ್ ಉತ್ತರಿಸುತ್ತದೆ. ಅವರು ಊರಿನ ಹೆಸರು ಕೇಳಿ, ಅದು ಕರ್ನಾಟಕದ್ದೆಂದು ತಿಳಿದು, ಮತ್ತೆ ಕರೆ ಮಾಡಿ ಎನ್ನುವಷ್ಟರಲ್ಲಿ ಕಳೆಯುವ ಹೊತ್ತು ನೋವು ತಿನ್ನುತ್ತಿರುವ ಹೆಣ್ಣುಮಗಳದ್ದು.

ಇನ್ನು ನಮ್ಮ ಜನರ ನಡವಳಿಕೆಯಲ್ಲಿ ಬದಲಾಗಬೇಕಾದದ್ದೂ ಇದೆ ಎಂಬುದನ್ನು ಮುಚ್ಚಿಡಬಾರದು. ಬಾಣಂತಿ ಮತ್ತು ಕೂಸನ್ನು ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕೆಲವು ಗೊಲ್ಲರಹಟ್ಟಿಗಳಲ್ಲಿ ಪೂರ್ತಿ ಹೋಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರ ಹೊರಗೆ, ಮಳೆ ಗಾಳಿಯ ಗುಡಿಸಲಿನಲ್ಲಿದ್ದ ಹಸುಗೂಸು ಶೀತಕ್ಕೆ ತುತ್ತಾಗಿ ಸತ್ತದ್ದನ್ನು ರಾಜ್ಯವೇ ಓದಿತು. ಆ ಪದ್ಧತಿ ನಿಲ್ಲಲೇಬೇಕು. ಪೊಲೀಸರನ್ನು ಕಳುಹಿಸಿ ಗುಡಿಸಲು ಕೀಳಿಸಿದರೆ ಅದು ನಿಲ್ಲುತ್ತದೆಂದು ನಾನು ನಂಬುವುದಿಲ್ಲ. ಹಟ್ಟಿಯ ಹಿರಿಯರನ್ನೂ ಪೂಜಾರಿಗಳನ್ನೂ ಕೂರಿಸಿಕೊಂಡು, ಆಸ್ಪತ್ರೆಯಿಂದ ಮರಳಿದ ಬಾಣಂತಿಗೆ ಮನೆಯೊಳಗೇ ಬೆಚ್ಚನೆಯ ಜಾಗ ಸಿಗುವಂತೆ ಒಪ್ಪಿಸಬೇಕು. ಹಾಗೆ ಒಪ್ಪಿಕೊಂಡ ಮನೆಗಳೂ ಇವೆ. ಹದಿನೆಂಟು ತುಂಬುವ ಮೊದಲೇ ಮದುವೆ ಮಾಡುವುದೂ ಇದೇ ಸಾಲಿಗೆ ಸೇರಿದ್ದು. ಆದರೆ ಕೂಸು ಸತ್ತಾಗಲೆಲ್ಲ ಜನರ ಮೌಢ್ಯದತ್ತ ಬೆರಳು ತೋರಿಸಿ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಮಾಗಿಯ ಆ ರಾತ್ರಿ ಕೂಸನ್ನು ಹೊತ್ತು ಓಡಿದ ಅಜ್ಜಿ ಯಾವ ಮೌಢ್ಯಕ್ಕೂ ಕಟ್ಟುಬಿದ್ದಿರಲಿಲ್ಲ.

ಪ್ರಾದೇಶಿಕ ಅಸಮಾನತೆಯನ್ನು ಅಳೆಯುವುದು ಹೇಗೆಂದು ನಮ್ಮ ರಾಜ್ಯಕ್ಕೆ ಗೊತ್ತಿಲ್ಲ ಎನ್ನುವಂತಿಲ್ಲ. ಪ್ರೊ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಜಿಲ್ಲೆಯ ಸರಾಸರಿಯನ್ನು ಬದಿಗಿಟ್ಟು, ಆಗಿನ 175 ತಾಲ್ಲೂಕುಗಳನ್ನು ಒಂದೊಂದಾಗಿ ತೂಗಿ ನೋಡಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಆ ವರದಿಯ ದೊಡ್ಡ ಕೊಡುಗೆ ಎಂದರೆ ತಾಲ್ಲೂಕನ್ನೇ ಅಳತೆಯ ಘಟಕವಾಗಿ ಹಿಡಿದದ್ದು. ರಸ್ತೆಗೆ, ಶಾಲೆಗೆ, ನೀರಾವರಿಗೆ ಒಪ್ಪಿಕೊಂಡ ಆ ಕ್ರಮವನ್ನು ಕೂಸುಗಳ ಸಾವಿಗೆ ಯಾಕೆ ಅನ್ವಯಿಸುತ್ತಿಲ್ಲ? ನೆರೆಯ ಬಳ್ಳಾರಿ ಜಿಲ್ಲೆಯ ಹಳ್ಳಿಗಳಿಗೆ, ಹಿಂದುಳಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಸೌಲಭ್ಯವಿದೆ. ಒಂದು ಕಾಲಕ್ಕೆ ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಗೂ ಅದು ದಕ್ಕಿತು. ಅದೇ ಬಿಸಿಲು, ಅದೇ ಬರ, ಅದೇ ಗುಳೆ ಇರುವ ಮೊಳಕಾಲ್ಮೂರಿಗೆ ಅದಿಲ್ಲ. ಅದು ನಮಗೂ ಬೇಕೆಂಬ ಬೇಡಿಕೆಯ ರಾಜಕೀಯಕ್ಕೆ ನಾನು ಹೋಗುವುದಿಲ್ಲ. ಕೂಸಿನ ಉಸಿರಿಗೆ ಬೇಕಾದ ವ್ಯವಸ್ಥೆಗೆ ಸಂವಿಧಾನ ತಿದ್ದುಪಡಿಯ ಅಗತ್ಯವಿಲ್ಲ ಎಂದಷ್ಟೇ ಹೇಳಬಲ್ಲೆ.

ಬೇಕಾಗಿರುವುದರಲ್ಲಿ ಮೊದಲನೆಯದು ಲೆಕ್ಕ. ಮರಣ ನೋಂದಣಿಯ ನಮೂನೆಯಲ್ಲಿ ವಿಳಾಸ ಬರೆಯುವ ಜಾಗ ಈಗಾಗಲೇ ಇದೆ. ವರ್ಷದೊಳಗಿನ ಕೂಸಿನ ಸಾವು ದಾವಣಗೆರೆ, ಬಳ್ಳಾರಿ, ಅನಂತಪುರ, ಬೆಂಗಳೂರು ಎಲ್ಲೇ ಆಗಲಿ, ಅದು ತಾಯಿಯ ಊರಿನ ತಾಲ್ಲೂಕಿನ ಪಟ್ಟಿಗೂ ಬಂದು ಸೇರುವಂತೆ ಜಿಲ್ಲೆಗಳು ತಿಂಗಳಿಗೊಮ್ಮೆ ಮಾಹಿತಿ ಹಂಚಿಕೊಳ್ಳಲು ಹೊಸ ಕಾನೂನು ಬೇಡ. ಪ್ರತಿ ಮಗುವಿನ ಸಾವನ್ನು ಪರಿಶೀಲಿಸಬೇಕೆಂಬ ಕೇಂದ್ರದ ಮಾರ್ಗಸೂಚಿ 2014ರಿಂದ ಇದೆ. ಆ ಪರಿಶೀಲನೆ ಸತ್ತ ಆಸ್ಪತ್ರೆಯಲ್ಲಿ ಮುಗಿಯದೆ, ಹುಟ್ಟಿದ ಆಸ್ಪತ್ರೆ, ಸಾಗಿಸಿದ ವಾಹನ, ಬಸುರಿನ ತಿಂಗಳುಗಳವರೆಗೆ ಹಿಂದಕ್ಕೆ ಹೋಗಬೇಕು. ತಾಯಿಯ ಹೆಸರನ್ನು ಗುಟ್ಟಾಗಿಟ್ಟು ತಾಲ್ಲೂಕುವಾರು ಸಂಖ್ಯೆಯನ್ನೂ ಕಾರಣವನ್ನೂ ಜನರ ಮುಂದಿಡಬೇಕು. ಹೀಗೆ ಮಾಡಿದರೆ ಮೊದಲ ವರ್ಷ ನಮ್ಮ ತಾಲ್ಲೂಕುಗಳ ಅಂಕಿ ಏರಿದಂತೆ ಕಾಣುತ್ತದೆ. ಅದಕ್ಕೆ ಯಾವ ವೈದ್ಯಾಧಿಕಾರಿಯನ್ನೂ ದಂಡಿಸಬಾರದು. ದಂಡಿಸಿದರೆ ಮರುವರ್ಷದಿಂದ ಮತ್ತೆ ಸೊನ್ನೆಗಳೇ ಬರುತ್ತವೆ.

ಎರಡನೆಯದಾಗಿ, ಮೊಳಕಾಲ್ಮೂರು ತಾಲ್ಲೂಕು ಆಸ್ಪತ್ರೆಯ ಜೊತೆಗೆ ಗಡಿ ಹೋಬಳಿಗಳಾದ ಪರಶುರಾಂಪುರ ಮತ್ತು ಧರ್ಮಪುರದ ಹೆರಿಗೆ ಸೌಲಭ್ಯಗಳಲ್ಲಿ ರಾತ್ರಿ ಹಗಲು ನವಜಾತ ಶಿಶು ಆರೈಕೆ ನಡೆಯಬೇಕು. ಅಲ್ಲಿ ತರಬೇತಿ ಪಡೆದ ನರ್ಸ್‌ಗಳನ್ನು ಕನಿಷ್ಠ ಮೂರು ವರ್ಷ ಕದಲಿಸಬಾರದು. ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಅವುಚಿ ಮೈಗೆ ಮೈ ತಾಗಿಸಿ ಇಡುವ ಕಾಂಗರೂ ಆರೈಕೆಯನ್ನು ಹುಟ್ಟಿದ ಕೂಡಲೇ ಆರಂಭಿಸಿದರೆ ಸಾವು ಕಾಲುಭಾಗದಷ್ಟು ಕಡಿಮೆಯಾಗುತ್ತದೆ ಎಂದು ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದ, 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ತಾಯಿಯನ್ನೂ ಕೂಸನ್ನೂ ಬೇರೆ ಮಾಡದೆ ಒಂದೇ ವಾಹನದಲ್ಲಿ, ತಾಯಿಗೆ ಆಗದಿದ್ದರೆ ಅಜ್ಜಿಯ ಅಥವಾ ತಂದೆಯ ಎದೆಗೆ ಕಟ್ಟಿ, ಮುಂದಿನ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಕಳುಹಿಸುವುದಕ್ಕೆ ಹಣಕ್ಕಿಂತ ಶಿಸ್ತು ಬೇಕು. ಹುಷಾರಿಲ್ಲದ ಕೂಸಿನ ಪ್ರಯಾಣ ಉಚಿತ ಎಂದು ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಹೇಳುತ್ತದೆ; ಆದರೂ ಬಾಡಿಗೆ ಕಾರಿಗೆ ಕಿವಿಯೋಲೆ ಅಡವಿಟ್ಟ ಮನೆಗಳನ್ನು ನಾನು ಬಲ್ಲೆ.

ಚಿತ್ರದುರ್ಗ ಮತ್ತು ಅನಂತಪುರ ಜಿಲ್ಲಾಧಿಕಾರಿಗಳು ಒಮ್ಮೆ ಕುಳಿತು ಮಾತನಾಡಿದರೆ ಗಡಿಯ ಎರಡೂ ಬದಿಯ ಆಶಾ ಕಾರ್ಯಕರ್ತೆಯರು ಮತ್ತು ಎ.ಎನ್.ಎಂ.ಗಳ ಹೆಸರು, ದೂರವಾಣಿ ಸಂಖ್ಯೆಗಳ ಒಂದು ಪಟ್ಟಿ ಕನ್ನಡ ಮತ್ತು ತೆಲುಗಿನಲ್ಲಿ ತಯಾರಾಗಬಹುದು. ತವರಿಗೆ ಬಂದ ಬಸುರಿಯನ್ನು ಯಾವ ರಾಜ್ಯದ ಕಾರ್ಡ್ ಇದ್ದರೂ ಆ ಊರಿನ ಆಶಾ ನೋಡಬೇಕು, ಭೇಟಿ ಮಾಡಿದವಳಿಗೇ ಪ್ರೋತ್ಸಾಹಧನ ಸೇರಬೇಕು ಎಂದು ಆದೇಶವಾಗಬಹುದು. 108ರ ಎರಡೂ ಕಂಟ್ರೋಲ್ ರೂಮ್‌ಗಳು ಗಡಿಯ ಕರೆಯನ್ನು ಕತ್ತರಿಸದೆ ಪರಸ್ಪರ ವರ್ಗಾಯಿಸಿಕೊಳ್ಳಬಹುದು.

ಜಿಲ್ಲಾ ಉಸ್ತುವಾರಿ ಸಚಿವರ ಅಧ್ಯಕ್ಷತೆಯಲ್ಲಿ ಮುಂದೆ ನಡೆಯುವ ತ್ರೈಮಾಸಿಕ ಪ್ರಗತಿ ಪರಿಶೀಲನಾ (ಕೆಡಿಪಿ) ಸಭೆಯಲ್ಲಿ, ಕಳೆದ ಒಂದು ವರ್ಷದಲ್ಲಿ ಜಿಲ್ಲೆಯ ಆರೂ ತಾಲ್ಲೂಕುಗಳ ತಾಯಂದಿರು ಜಿಲ್ಲೆಯ ಒಳಗೂ ಹೊರಗೂ ಕಳೆದುಕೊಂಡ ಕೂಸುಗಳ ತಾಲ್ಲೂಕುವಾರು ಪಟ್ಟಿಯನ್ನು ಮಂಡಿಸುವಂತೆ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳನ್ನು ಕೇಳಬೇಕೆಂದು ಈ ಮೂರೂ ಗಡಿ ತಾಲ್ಲೂಕುಗಳ ಶಾಸಕರಲ್ಲಿ ವಿನಂತಿಸುತ್ತೇನೆ. ಆ ಪಟ್ಟಿ ಮಂಡನೆಯಾದರೆ ನಿಮ್ಮ ಪತ್ರಿಕೆ ಅದನ್ನು ಪೂರ್ತಿಯಾಗಿ ಪ್ರಕಟಿಸಬೇಕೆಂದೂ ಕೋರುತ್ತೇನೆ.

ಇಂತಿ,
ನಿವೃತ್ತ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ,
ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ